ಹತ್ತಿಗೊಂದು ಅಂಗಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನನಗೆ ಹೊಲಿಗೆ ಬರುವುದಿಲ್ಲ. ಹೀಗೆ ವಿನಯಕ್ಕೆ ಹೇಳುವ ಹೆಂಗಸರು ಇದ್ದಾರೆ. ಅವರ ಮನೆಗೆ ಹೋಗಿ ನೋಡಿದರೆ ರೇಡಿಯೊದ ಮೇಲೆ ಹೊದಿಸಿದ ಬಟ್ಟೆಗೂ ಕಸೂತಿಯ ಗೋಪುರ, ನವಿಲು ಎಲ್ಲ ಇರುತ್ತವೆ. ನನ್ನದು ಆ ಜಾತಿಯ ವಿನಯವಲ್ಲ, ಶುದ್ಧ ಸತ್ಯ. ನನಗೆ ಬರುವುದು ಕೌದಿ ಹೊಲಿಗೆ ಒಂದೇ. ಗದಗಿನ ಕಡೆಯ ನಮ್ಮೂರಲ್ಲಿ ಅಜ್ಜಿ ಹಳೆಯ ಸೀರೆ, ಧೋತರ, ಹರಿದ ಪರಕಾರ ಎಲ್ಲವನ್ನೂ ಒಂದರ ಮೇಲೊಂದು ಹಾಸಿ, ನನ್ನನ್ನು ಒಂದು ಮೂಲೆಗೆ ಕೂರಿಸಿ, "ಹಿಂಗ ಸೀದಾ ಹೊಂಟುಬಿಡು, ಅಂಚು ಬಂತಂದ್ರ ತಿರುಗು" ಎಂದು ಕಲಿಸಿದ ವಿದ್ಯೆ ಅದು. ಕೌದಿಯ ದೊಡ್ಡ ಗುಣವೆಂದರೆ ಅದಕ್ಕೆ ತೋಳಿಲ್ಲ, ಕುತ್ತಿಗೆಯಿಲ್ಲ, ಗುಂಡಿಯಿಲ್ಲ, ಅಳತೆಯಂತೂ ಇಲ್ಲವೇ ಇಲ್ಲ. ಹೊದ್ದವರು ಗಿಡ್ಡಗಿದ್ದರೆ ಕಾಲ ಕಡೆ ಉಳಿಯುತ್ತದೆ, ಉದ್ದಗಿದ್ದರೆ ಅವರೇ ಕಾಲು ಮಡಚಿಕೊಳ್ಳುತ್ತಾರೆ. ಬಟ್ಟೆಗೆ ಮನುಷ್ಯ ಹೊಂದಿಕೊಳ್ಳಬೇಕು ಎಂಬುದು ಕೌದಿಯ ಸಿದ್ಧಾಂತ. ಮುಂದೆ ನಾನು ಹೊಲಿದ ಎಲ್ಲದಕ್ಕೂ ಇದೇ ಸಿದ್ಧಾಂತ ಅನ್ವಯವಾಯಿತು.

ಇಂಥ ನಾನು ಮುಂಬಯಿಗೆ ಬಂದು ವೇಷ ಹೊಲಿಯುವವಳಾದೆ. ಎಪ್ಪತ್ತರ ದಶಕದ ಮೊದಮೊದಲ ವರ್ಷಗಳು. ನಮ್ಮವರಿಗೆ ಕಾಂದಿವಲಿಯ ಒಂದು ಕಾರಖಾನೆಯಲ್ಲಿ ಕೆಲಸ, ಅಲ್ಲೇ ಸಮೀಪದ ಚಾಳಿನಲ್ಲಿ ನಮ್ಮ ಒಂದೂವರೆ ಖೋಲಿಯ ಸಂಸಾರ. ಆ ಕಾಲದ ಮುಂಬಯಿಯಲ್ಲಿ ಮಕ್ಕಳಿದ್ದವರಿಗೆ ವೇಷದಿಂದ ಬಿಡುಗಡೆಯೇ ಇರಲಿಲ್ಲ. ಗಣಪತಿ ಬಂದರೆ ಚಾಳಿನ ಅಂಗಳದಲ್ಲಿ ಫ್ಯಾನ್ಸಿ ಡ್ರೆಸ್. ಶಾಲೆಯ ಗ್ಯಾದರಿಂಗಿಗೆ, ಅಂದರೆ ವಾರ್ಷಿಕೋತ್ಸವಕ್ಕೆ, ಫ್ಯಾನ್ಸಿ ಡ್ರೆಸ್. ಲೋಕಲ್ ಹಿಡಿದು ಮಾಟುಂಗಕ್ಕೆ ಕನ್ನಡ ಸಂಘದ ಹಬ್ಬಕ್ಕೆ ಹೋದರೆ ಅಲ್ಲೂ ಸಣ್ಣ ಸಣ್ಣ ರಾಣಿಯರು ರಟ್ಟಿನ ಖಡ್ಗ ಹಿಡಿದು ಇಡ್ಲಿಯ ಸಾಲಿನಲ್ಲಿ ನಿಂತಿರುತ್ತಿದ್ದರು. ಅನುಕೂಲವಿದ್ದವರು ಬಾಂದ್ರಾಕ್ಕೆ ಹೋಗಿ ವೇಷವನ್ನು ಬಾಡಿಗೆಗೆ ತರುತ್ತಾರೆಂದು ಕೇಳಿದ್ದೆ. ನಮ್ಮಂಥವರು ಟ್ರಂಕು ತೆಗೆದು, ಅದರಲ್ಲಿದ್ದ ಬಟ್ಟೆ ನೋಡಿ, ಅದರಿಂದ ಏನಾಗಬಹುದೋ ಅದೇ ಮಗುವಿನ ವೇಷ ಎಂದು ತೀರ್ಮಾನಿಸುತ್ತಿದ್ದೆವು. ಹಳದಿ ಬಟ್ಟೆ ಎಲ್ಲರ ಮನೆಯಲ್ಲೂ ಇದ್ದುದರಿಂದ ಎಲ್ಲರ ಮಕ್ಕಳೂ ಕೃಷ್ಣರೇ. ಒಂದು ಗಣಪತಿಗೆ ನಮ್ಮ ಅಂಗಳದಲ್ಲಿ ಹದಿನಾಲ್ಕು ಕೃಷ್ಣರೂ ಒಬ್ಬ ಪೋಸ್ಟ್‌ಮನ್ನೂ ಇದ್ದರು. ಬಹುಮಾನ ಪೋಸ್ಟ್‌ಮನ್ನಿಗೆ ಹೋಯಿತು.

ಹಾಗೆ ನೋಡಿದರೆ ವೇಷವೆಂಬುದು ನನಗೇನೂ ಹೊಸದಲ್ಲ. ನಾನು ಚಿಕ್ಕವಳಿದ್ದಾಗ ಊರಿಗೆ ಹಗಲುವೇಷದವರು ಬರುತ್ತಿದ್ದರು. ಇವತ್ತು ಸಾಧು, ನಾಳೆ ಬಳೆಗಾರ, ನಾಡಿದ್ದು ದೇವಿ. ಹಟ್ಟಹಗಲಲ್ಲಿ, ಬೀದಿಯಲ್ಲಿ, ನಮ್ಮ ಕಣ್ಣೆದುರಿಗೇ ನಿಂತು ನಂಬಿಸಬೇಕು. ಪರದೆಯಿಲ್ಲ, ಬಣ್ಣದ ಬೆಳಕಿಲ್ಲ. ಒಮ್ಮೆ ಫೌಜದಾರನ ವೇಷದವನು ಬಾಗಿಲಲ್ಲಿ ನಿಂತು ಗದರಿದಾಗ ನಮ್ಮ ಕಾಕಾ ಹಿತ್ತಲ ಗೋಡೆ ಹಾರಿ ಓಡಿಹೋದರು. ವೇಷ ಎಂದು ತಿಳಿದ ಮೇಲೆ ವಾಪಸು ಬಂದರು, ಆದರೆ ಯಾಕೆ ಓಡಿದ್ದು ಎಂಬುದನ್ನು ಕಡೆಯವರೆಗೂ ಯಾರಿಗೂ ಹೇಳಲಿಲ್ಲ. ಆ ಫೌಜದಾರನ ಅಂಗಿಗೆ ಗುಂಡಿಗಳೇ ಸರಿಯಾಗಿರಲಿಲ್ಲ, ನನಗೆ ಚೆನ್ನಾಗಿ ನೆನಪಿದೆ. ಆಗಲೇ ನಾನು ಕಲಿತದ್ದೆಂದರೆ, ವೇಷ ನಿಲ್ಲುವುದು ಬಟ್ಟೆಯ ಮೇಲಲ್ಲ, ಬಾಯಿಯ ಮೇಲೆ. ಗದರುವ ಬಾಯಿ ಗಟ್ಟಿಯಿದ್ದರೆ ಗುಂಡಿಯನ್ನು ಯಾರೂ ಎಣಿಸುವುದಿಲ್ಲ.

ನಮ್ಮ ತೊಂದರೆ ಇದ್ದದ್ದು ಅಲ್ಲಿಯೇ. ನಮ್ಮ ಮಗಳು ಬಾಯಿ ಬಿಡುತ್ತಿರಲಿಲ್ಲ.

ಹೆಸರು ಸುಮಾ. ಹೆಸರಿಗೆ ತಕ್ಕಂತೆ ಸುಮ್ಮನೆ ಇರುತ್ತಾಳೆ ಎಂದು ನಮ್ಮವರು ನಗೆಯಾಡುತ್ತಿದ್ದರು. ಐದು ವರ್ಷದ ಕೂಸು. ಮನೆಯಲ್ಲಿ ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಹಸಿವಾದರೆ ಹೇಳುತ್ತಿದ್ದಳು, ಅಷ್ಟೇ. ಕನ್ನಡ ಶಾಲೆಗೆ ಹಾಕಬೇಕೆಂದರೆ ಅಷ್ಟು ಸಣ್ಣ ಹುಡುಗಿಯನ್ನು ದಾದರಿನಲ್ಲಿ ಲೈನು ಬದಲಾಯಿಸಿ ಮಾಟುಂಗದ ತನಕ ಯಾರು ಕರೆದೊಯ್ಯಬೇಕು? ಚಾಳಿನ ಎಲ್ಲ ಮಕ್ಕಳೂ ಹೋಗುವ ಪಕ್ಕದ ಓಣಿಯ ಮರಾಠಿ ಶಾಲೆಯ ಬಾಲವರ್ಗಕ್ಕೇ ಹಾಕಿದೆವು. ಜೂನಿನಲ್ಲಿ ಹೋದವಳು ದಸರೆ ಮುಗಿದರೂ ಅಲ್ಲಿ ಒಂದೇ ಒಂದು ಶಬ್ದ ಆಡಿರಲಿಲ್ಲ. ಮರಾಠಿ ಶಾಲೆಯಲ್ಲಿ ಟೀಚರಿಗೆ 'ಬಾಯಿ' ಎನ್ನುತ್ತಾರೆ. ಒಂದು ದಿನ ಆ ಬಾಯಿ ನನ್ನನ್ನು ಕರೆಸಿ, ನಿಮ್ಮ ಮಗಳು ಬಾಯಿಯನ್ನೇ ಬಿಡುವುದಿಲ್ಲ ಎಂಬ ಅರ್ಥದ ಮಾತು ಹೇಳಿದರು. ಬೇರೆ ಸಮಯದಲ್ಲಾಗಿದ್ದರೆ ನನಗೆ ನಗು ಬರುತ್ತಿತ್ತು. ಅಂದು ಬರಲಿಲ್ಲ, ಏಕೆಂದರೆ ಅವರು ಇನ್ನೂ ಒಂದು ಮಾತು ಹೇಳಿದರು. ಗ್ಯಾದರಿಂಗಿನಲ್ಲಿ ಅವಳಿಗೆ ಒಂದು ಸಣ್ಣ ಪಾತ್ರ ಕೊಡುತ್ತೇನೆ, ಎರಡೇ ಶಬ್ದದ ಮಾತು. ಜನರೆದುರಿಗೆ ಅಷ್ಟಾದರೂ ಆಡಿದರೆ ಮುಂದಿನ ವರ್ಷ ಪಹಿಲಿಗೆ, ಅಂದರೆ ಒಂದನೆಯ ಇಯತ್ತೆಗೆ. ಇಲ್ಲದಿದ್ದರೆ ಮತ್ತೆ ಬಾಲವರ್ಗವೇ.

ಮನೆಗೆ ಬಂದು ಅತ್ತುಬಿಟ್ಟೆ. ಚಾಳಿನ ಮಕ್ಕಳು ಆಗಲೇ ಅವಳನ್ನು 'ಮುಕೀ' ಎಂದು ಕೂಗುತ್ತಿದ್ದವು. ಮೂಕಿ ಎಂಬುದಕ್ಕೆ ಮರಾಠಿಯಲ್ಲಿ ದೀರ್ಘ ಒಂದಿಷ್ಟು ಹಿಂದೆಮುಂದೆ, ಅಷ್ಟೇ. ಅದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಮ್ಮವರು ಸಮಾಧಾನ ಮಾಡಿದರು.

"ಮಾತು ಬೆಳ್ಳಿ, ಮೌನ ಬಂಗಾರ ಅಂತಾರ. ಬಂಗಾರ ಐತಿ ನಮ್ಮ ಕೂಸು, ನೀ ಯಾಕ ಅಳ್ತಿ?"

"ಬಂಗಾರಕ್ಕ ಸಾಲ್ಯಾಗ ಮಾರ್ಕ್ ಕೊಡಂಗಿಲ್ರಿ," ಅಂದೆ.

ಒಂದು ವಾರ ಬಿಟ್ಟು ಶಾಲೆಯಿಂದ ಚೀಟಿ ಬಂತು. ಹಿಂದಿ ಪರೀಕ್ಷೆಯೊಂದನ್ನು ಕಟ್ಟಿದ್ದ ಪುಣ್ಯಕ್ಕೆ ನಾನು ಅಕ್ಷರ ಕೂಡಿಸಿ ಓದಬಲ್ಲವಳಾಗಿದ್ದೆ. 'ಹತ್ತೀಚಾ ಪೋಶಾಖ್' ತಯಾರಿಸಬೇಕು, ಎಂದಿತ್ತು. ಪೋಶಾಖ್ ಎಂದರೆ ಪೋಷಾಕು. ಇನ್ನು ಹತ್ತಿ ಎಂದರೆ ಹತ್ತಿ. ಮರಾಠಿಯ ವಿಷಯದಲ್ಲಿ ನನಗೆ ಒಂದು ಸೊಕ್ಕಿತ್ತು ಎಂಬುದನ್ನು ಇಲ್ಲಿ ಹೇಳಬೇಕು. ನಮ್ಮ ತುಪ್ಪವೇ ಅವರ ತೂಪ್, ನಮ್ಮ ಅಡಕತ್ತರಿಯೇ ಅವರ ಅಡಕಿತ್ತಾ ಎಂದು ಪಂಡಿತರು ಹೇಳುತ್ತಾರಂತೆ. ಅದನ್ನು ಯಾರಿಂದಲೋ ಕೇಳಿದ ದಿನದಿಂದ ಅರ್ಧ ಮರಾಠಿ ನಮ್ಮ ಮನೆಯದೇ, ಎರವಲು ಒಯ್ದವರು ವಾಪಸು ಕೊಟ್ಟಿಲ್ಲ ಅಷ್ಟೇ ಎಂಬ ಭಾವನೆ ನನ್ನದು. ಈ ಸೊಕ್ಕಿಗೆ ಆಗಾಗ ಪೆಟ್ಟು ಬೀಳುತ್ತಿತ್ತು. ಬಂದ ಹೊಸತರಲ್ಲಿ ತರಕಾರಿಯವಳು "ಕಾಯ್ ಪಾಹಿಜೆ?" ಎಂದು, ಏನು ಬೇಕು ಎಂದು ಕೇಳಿದರೆ, ಟೊಮೆಟೊ ನೋಡುತ್ತಿದ್ದ ನಾನು "ಕಾಯಿ ನಕೋ, ಹಣ್ಣಾದ್ದು ಕೊಡ್ರಿ" ಎಂದಿದ್ದೆ. ಆದರೂ ಬುದ್ಧಿ ಬಂದಿರಲಿಲ್ಲ.

ಚೀಟಿಯ ಬಗ್ಗೆ ಮನೆಯಲ್ಲಿ ಚರ್ಚೆಯಾಯಿತು. ನಮ್ಮವರ ಪ್ರಕಾರ ಇದು ವೇಷವೇ ಅಲ್ಲ. "ಎಲ್ಲಾರೂ ಮಕ್ಕಳಿಗೆ ಟೆರಿಲಿನ್, ನೈಲಾನ್ ಹಾಕಿ ಕಳಿಸ್ತಾರ. ಬೆವರಿ ಸಾಯ್ತಾವ. ಹತ್ತಿ ಅರಬಿ ಹಾಕಿ ಕಳಿಸ್ರಿ ಅಂತ ಬರದಾರ, ಅಷ್ಟ." ಒಂದು ಕಾಟನ್ ಫ್ರಾಕು ಸಾಕು ಎಂದು ಅವರು ಚೀಟಿಯನ್ನು ಮಡಚಿ ಇಟ್ಟರು. ನನಗೆ ಅನುಮಾನ. ಸುಮಾಳನ್ನು ಕರೆದು ಕೇಳಿದೆ. ಅವಳು ಅಪರೂಪಕ್ಕೆ ಎರಡು ವಾಕ್ಯ ಹೇಳಿದಳು: "ನಾ ಹತ್ತಿ ಆಗೂದೈತಿ. ಮೀ ಹತ್ತೀ ಅನಬೇಕು."

ಮೀ ಎಂದರೆ ನಾನು. ಅಲ್ಲಿಗೆ ತೀರ್ಮಾನವಾಯಿತು. ನಮ್ಮ ಮಗಳು ಹತ್ತಿ ಹಾಕಿಕೊಳ್ಳುವುದಲ್ಲ, ಹತ್ತಿಯೇ ಆಗುವುದು. ನನಗೆ ಎಷ್ಟು ಸಂತೋಷವಾಯಿತೆಂದರೆ, ಎಲ್ಲ ಬಿಟ್ಟು ಹತ್ತಿಯನ್ನು ಯಾಕೆ ಆರಿಸಿದರು ಎಂದು ಒಂದು ಕ್ಷಣವೂ ಯೋಚಿಸಲಿಲ್ಲ. ಮಿಲ್ಲುಗಳ ಊರು, ಹತ್ತಿಯ ಪಾಠ ಇದ್ದೇ ಇರುತ್ತದೆ. ಅದರ ಪಾತ್ರವನ್ನು ಹತ್ತಿಯ ನಾಡಿನಿಂದ ಬಂದ ಹುಡುಗಿಗೆ ಕೊಟ್ಟ ಬಾಯಿಯ ವಿವೇಕವನ್ನು ಮೆಚ್ಚಿಕೊಂಡೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅನ್ನುತ್ತಾರಲ್ಲ, ನಾನು ಕೂಸು ಯಾವುದೆಂದೇ ಕೇಳದೆ ಕುಲಾವಿಗೆ ಕೂತೆ.

ಮೇಲಿನ ಮಾಳಿಗೆಯ ಫಿಲ್ಲುಬಾಯಿಯ ಹತ್ತಿರ ಹೊಲಿಗೆ ಮಷೀನಿತ್ತು. ಮಂಗಳೂರ ಕಡೆಯವರು, ಪೂರ್ತಿ ಹೆಸರು ಫಿಲೋಮಿನಾ. ಚಾಳಿನಲ್ಲಿ ನನ್ನ ಜೊತೆ ಕನ್ನಡ ಆಡುವ ಇನ್ನೊಂದು ಜೀವ. ಆಡುವುದು ಇಬ್ಬರೂ ಕನ್ನಡವೇ ಆದರೂ ಒಮ್ಮೊಮ್ಮೆ ಇಬ್ಬರಿಗೂ ಅದು ಗುಟ್ಟಾಗಿ ಉಳಿಯುತ್ತಿತ್ತು. ಸುಮಾಳನ್ನೂ ಕರೆದುಕೊಂಡು ಹೋಗಿ ನಾನು ವಿಷಯ ಹೇಳಿದಾಗ, ಗಿಡಮರದ ವೇಷ ಹಾಕುವುದುಂಟೇ ಎಂದು ನನಗೇ ಸ್ವಲ್ಪ ಸಂಕೋಚ. ಫಿಲ್ಲುಬಾಯಿ ಮಂಚದ ಕೆಳಗಿನಿಂದ ಒಂದು ಹಳೆಯ ವಿಲಾಯತಿ ಮಾಸಿಕ ಎಳೆದು ತೆಗೆದರು. ಬಾಂದ್ರಾದಲ್ಲಿದ್ದ ಅವರ ತಂಗಿಯ ಮನೆಯಿಂದ ಬಂದದ್ದು. ಒಂದು ಪುಟದಲ್ಲಿ ಪರದೇಶದ ಮಕ್ಕಳು ಸಾಲಾಗಿ ನಿಂತಿದ್ದರು. ಒಬ್ಬಳು ಮಾಟಗಾತಿ, ಒಬ್ಬ ಬಿಳಿ ಚಾದರ ಹೊದ್ದ ಭೂತ, ಕೊನೆಯಲ್ಲಿ ಗುಂಡಗೆ ಕೇಸರಿ ಬಣ್ಣದ ಒಂದು ಕುಂಬಳಕಾಯಿ. ಅದರ ಮೇಲ್ಗಡೆ ಒಂದು ಮಗುವಿನ ಮುಖ.

"ಅದು ಅವರ ಭೂತದ ಹಬ್ಬ ಮಾರಾಯ್ರೆ, ಹ್ಯಾಲೋವೀನ್ ಅಂತ. ಮಕ್ಕಳು ವೇಷ ಹಾಕಿ ಮನೆಮನೆಗೆ ಹೋಗಿ ಮಿಠಾಯಿ ಕೇಳ್ತಾರೆ. ನಾವು ಆ ಸಮಯಕ್ಕೆ ಸತ್ತವರಿಗೆ ಪ್ರಾರ್ಥನೆ ಮಾಡುದು, ಅವರದ್ದು ಮಿಠಾಯಿ! ಎಲ್ಲ ಅಮ್ಮಂದಿರೇ ಮನೆಯಲ್ಲಿ ಹೊಲಿಯುದಂತೆ."

ಹಬ್ಬದ ಹೆಸರನ್ನು ನಾನು ಮೆಟ್ಟಿಲಿಳಿಯುವಷ್ಟರಲ್ಲಿ ಮರೆತೆ, ಆದರೆ ಕುಂಬಳಕಾಯಿ ಮನಸ್ಸಿನಲ್ಲಿ ಕೂತಿತು. ಅಷ್ಟು ದೂರದ, ಅಷ್ಟು ಮುಂದುವರಿದ ದೇಶದಲ್ಲಿ ಒಬ್ಬ ತಾಯಿ ತನ್ನ ಮಗುವನ್ನು ಕುಂಬಳಕಾಯಿ ಮಾಡಬಹುದಾದರೆ ನಾನು ನನ್ನ ಮಗಳನ್ನು ಹತ್ತಿ ಮಾಡಬಾರದೇ? ಅವಳೂ ಒಂದು ಮಧ್ಯಾಹ್ನ ಹೀಗೆಯೇ ಬಾಯಲ್ಲಿ ಸೂಜಿ ಕಚ್ಚಿಕೊಂಡು, ಒಳಗೆ ಏನು ತುರುಕಿದರೆ ಗುಂಡಗಾಗುತ್ತದೆ ಎಂದು ಯೋಚಿಸುತ್ತ ಕೂತಿದ್ದಿರಬೇಕು. ಆ ಅಪರಿಚಿತ ಹೆಂಗಸಿನ ಮೇಲೆ ನನಗೆ ಬಹಳ ಪ್ರೀತಿ ಬಂತು.

ನಾನೇನು ತುರುಕಿದೆ ಎಂಬುದು ನಮ್ಮವರಿಗೆ ಎರಡು ದಿನ ತಿಳಿಯಲಿಲ್ಲ. ಮೂರನೆಯ ದಿನ, "ಯಾಕೋ ದಿಂಬು ತಗ್ಗಾಗೇತಲ್ಲ" ಅಂದರು. ಅವರ ದಿಂಬು, ಗಾದಿಯ ಒಂದು ಮೂಲೆ, ಎರಡೂ ಸುಮಾಳ ಮೈಗೆ ಏರಿದ್ದವು. ಮಿಲ್ಲಿನ ಬಿಳಿ ಬಟ್ಟೆಯ ಒಂದು ಜೋಲು ಅಂಗಿ. ಅದರ ಮೇಲೆ ಹಳೆಯ ಸೊಳ್ಳೆಪರದೆಯ ತುಂಡುಗಳಲ್ಲಿ ಅರಳೆ ತುಂಬಿ, ಉಬ್ಬುಬ್ಬಾಗಿ ಹೊಲಿದ ನಾಲ್ಕು ದೊಡ್ಡ ಎಸಳು. ಬಿರಿದ ಕಾಯಿಯ ಒಣಸಿಪ್ಪೆಗೆ ನಮ್ಮವರ ಹಳೆಯ ಖಾಕಿ ಪ್ಯಾಂಟು. ಅದನ್ನು ಮೊನಚಾಗಿ ಕತ್ತರಿಸಿ ಸೊಂಟದ ಸುತ್ತ ನಿಲ್ಲಿಸಿದೆ. ಎಲೆಗೆ ಹಸಿರು ಬೇಕಿತ್ತು. ಟ್ರಂಕಿನಲ್ಲಿ ಹಸಿರು ಇದ್ದದ್ದು ಒಂದೇ, ನನ್ನ ಮದುವೆಯ ಖಣ. ಅದನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಕೂತೆ. ಆಮೇಲೆ, ಎರಡು ಶಬ್ದಕ್ಕೆ ಎರಡು ಎಲೆ ಎಂದು ಕತ್ತರಿ ಹಾಕಿದೆ. ಫಿಲ್ಲುಬಾಯಿಯ ಮಷೀನು ನನ್ನ ಕಾಲಿಗೆ ಒಗ್ಗದೆ ಹಿಂದಕ್ಕೇ ಓಡುತ್ತಿದ್ದುದರಿಂದ ಮುಕ್ಕಾಲು ಕೆಲಸ ಕೈಯಲ್ಲೇ, ಕೌದಿಯ ಹೊಲಿಗೆಯಲ್ಲೇ ಆಯಿತು. ಸೀದಾ ಹೋಗುವುದು, ಅಂಚು ಬಂದರೆ ತಿರುಗುವುದು.

ಆ ಮಧ್ಯಾಹ್ನಗಳಲ್ಲಿ ಸುಮಾ ಶಾಲೆಯಿಂದ ಬಂದು ಉಂಡು, ದಾರದ ಉಂಡೆ ಹಿಡಿದು ನನ್ನೆದುರಿಗೆ ಕೂರುತ್ತಿದ್ದಳು. ನಾನು ಹೊಲಿಯುತ್ತ ಅವಳಿಗೆ ಹತ್ತಿಯ ಕಥೆ ಹೇಳುತ್ತಿದ್ದೆ. ಎರೆಹೊಲದಲ್ಲಿ ಹತ್ತಿ ಬಿರಿದಾಗ ಎಷ್ಟು ದೂರದ ತನಕ ಬೆಳ್ಳಗೆ ಕಾಣುತ್ತದೆ; ಬಿಡಿಸುವಾಗ ಸಿಪ್ಪೆಯ ಮೊನೆ ಬೆರಳಿಗೆ ಹೇಗೆ ಚುಚ್ಚುತ್ತದೆ; ಪಡಸಾಲೆಯಲ್ಲಿ ರಾಶಿ ಜಂತಿ ಮುಟ್ಟುತ್ತಿದ್ದಾಗ ನಾವು ಮಕ್ಕಳು ಅದರೊಳಗೆ ಹಾರಿ, ಮುಳುಗಿ, ಅಜ್ಜಿಯ ಬೈಗುಳ ಕೇಳಿಸದಂತೆ ಒಳಗೇ ಅಡಗಿ ಕೂರುತ್ತಿದ್ದುದು. ಆಮೇಲೆ ಹತ್ತಿ ಚಕ್ಕಡಿ ಹತ್ತಿ, ರೈಲು ಹತ್ತಿ, ಮುಂಬಯಿಯ ಮಿಲ್ಲಿಗೆ ಬರುವುದು. ಅದರ ಹಿಂದೆಯೇ ನಿಮ್ಮಪ್ಪ ಬಂದರು, ಅವರ ಹಿಂದೆ ನಾನು ಬಂದೆ ಎನ್ನುತ್ತಿದ್ದೆ. ಮುಂಬಯಿಗೆ ಬಂದು ಆರು ವರ್ಷವಾಗಿತ್ತು. ಊರಿನ ಬಗ್ಗೆ ನಾನು ಅಷ್ಟು ಮಾತಾಡಿದ್ದು ಅದೇ ಮೊದಲು. ಕೇಳುವವರು ಸಿಕ್ಕಿರಲಿಲ್ಲ. ಅವಳು ಕಣ್ಣು ಅಗಲಿಸಿ ಕೇಳುತ್ತಿದ್ದಳು, ನಡುವೆ ಒಂದೇ ಒಂದು ಸಲ ಪ್ರಶ್ನೆ ಕೇಳಿದಳು. ಅಂಗಿಯ ಹಿಂಭಾಗವನ್ನು ತಿರುಗಿಸಿ ನೋಡಿ, "ಅವ್ವಾ, ಬಾಲ?" ಅಂದಳು.

"ಹತ್ತಿಗೆಲ್ಲಿ ಬಾಲ ಇರ್ತೈತಿ, ಹುಚ್ಚಿ?" ಅಂದೆ. ಅವಳು ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. ಮತ್ತೆ ದಾರ ಸುತ್ತತೊಡಗಿದಳು. ನಾನು ಕಥೆ ಮುಂದುವರಿಸಿದೆ.

ಗ್ಯಾದರಿಂಗಿನ ಸಂಜೆ ಅವಳಿಗೆ ಮನೆಯಲ್ಲೇ ವೇಷ ತೊಡಿಸಿ, ಧೂಳು ಹತ್ತದ ಹಾಗೆ ಮೇಲೊಂದು ಚಾದರ ಹೊದಿಸಿ ಕರೆದೊಯ್ದೆವು. ಪರದೆಯ ಹಿಂದೆ ಇಪ್ಪತ್ತು ಮಕ್ಕಳ ಗದ್ದಲದಲ್ಲಿ ಬಾಯಿಗೆ ಚಾದರ ಸರಿಸಿ ನೋಡುವ ಪುರಸೊತ್ತು ಇರಲಿಲ್ಲ. ಗಂಟನ್ನು ಒಪ್ಪಿಸಿ ಬಂದ ಹಾಗೆ ಮಗಳನ್ನು ಒಪ್ಪಿಸಿ ಬಂದು ಮಂಟಪದಲ್ಲಿ ಕೂತೆವು. ಎರಡು ಶಬ್ದ, ದೇವರೇ, ಎರಡೇ ಎರಡು.

ಬಾಯಿ ಮೈಕಿನಲ್ಲಿ ಪಾತ್ರಗಳ ಹೆಸರು ಓದಿದರು. ಕೊನೆಗೆ, "ಆಣಿ ಹತ್ತೀದಾದಾ!" ಅಂದರು, ಅಂದರೆ ಹತ್ತಿಯಣ್ಣ. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು.

"ಹತ್ತಿಗೆ ದಾದಾ ಅಂತಾರೇನ್ರಿ?" ಎಂದು ನಮ್ಮವರ ಕಿವಿಯಲ್ಲಿ ಕೇಳಿದೆ.

"ಮತ್ತ? ಈ ಊರು ಬದುಕಿದ್ದ ಹತ್ತಿ ಮ್ಯಾಲ. ಮರ್ಯಾದಿ ಕೊಡ್ತಾರ," ಅಂದರು ನಮ್ಮವರು, ತಮಗೇ ಮರ್ಯಾದೆ ಸಿಕ್ಕವರ ಹಾಗೆ.

ಪರದೆ ಸರಿಯಿತು. ಹುಲಿ ಬಂತು. ಮೊಲ ಬಂತು. ಮಂಗ ಬಂದು ಲಾಗ ಹಾಕಿತು. ಜಿಂಕೆಯ ಒಂದು ಕೋಡು ಬಿದ್ದು, ಅದನ್ನು ಎತ್ತಿಕೊಂಡು ಮತ್ತೆ ಜಿಂಕೆಯಾಯಿತು. ಪ್ರತಿಯೊಂದೂ ಮುಂದೆ ಬಂದು ತನ್ನ ಹೆಸರು ಹೇಳಿ ಹುಲಿರಾಜನಿಗೆ ನಮಸ್ಕಾರ ಮಾಡುತ್ತಿತ್ತು. ಕಾಡಿನ ದರಬಾರು. ಕಾಡಿನಲ್ಲಿ ಹತ್ತಿ ಎಲ್ಲಿಂದ ಬಂತು ಎಂದು ನನಗೆ ಆಗ, ಆರು ವಾರ ತಡವಾಗಿ, ಅನ್ನಿಸಿತು. ಹತ್ತಿ ಎಂದರೆ ಏನು ಎಂದು ಪಕ್ಕದಲ್ಲಿ ಕೂತಿದ್ದ ಮೊಲದ ತಾಯಿಯನ್ನು ನನ್ನ ಮುರುಕು ಮರಾಠಿಯಲ್ಲಿ ಕೇಳಿದೆ: "ಹತ್ತೀ ಮ್ಹಣಜೇ ಕಾಯ್?"

ಆ ಪುಣ್ಯಾತ್ಗಿತ್ತಿ ನನ್ನನ್ನು ವಿಚಿತ್ರವಾಗಿ ನೋಡಿದಳು. ಆಮೇಲೆ ಮಗುವಿಗೆ ಹೇಳಿಕೊಡುವಂತೆ, ಒಂದು ಕೈಯನ್ನು ಮೂಗಿನ ಮುಂದೆ ಚಾಚಿ, ಉದ್ದಕ್ಕೆ ಇಳಿಬಿಟ್ಟು, ಅತ್ತಿಂದಿತ್ತ ತೂಗಿದಳು.

ಆನೆ!

ನೆಲ ಬಾಯಿಬಿಟ್ಟರೆ ಒಳಗೆ ಹೋಗಿಬಿಡುತ್ತಿದ್ದೆ. ನನ್ನ ಮಗಳು ಆನೆಯಾಗಬೇಕಿತ್ತು. ಬೂದು ಬಣ್ಣದ ಒಂದು ಅಂಗಿ, ಒಂದು ಸೊಂಡಿಲು, ಎರಡು ಮೊರದಂಥ ಕಿವಿ. ಕೌದಿ ಹೊಲಿಗೆಯಲ್ಲಿ ಒಂದೇ ಮಧ್ಯಾಹ್ನದ ಕೆಲಸ. ಮೊದಲೇ ಬಾಯಿ ಬಿಡದ ಹುಡು​ಗಿ. ಅವಳನ್ನು ನಾನೇ ನನ್ನ ಕೈಯಾರೆ, ಇಷ್ಟು ಜನರೆದುರಿಗೆ, ದಿಂಬಿನ ಅರಳೆ ಸುತ್ತಿ ನಗೆಪಾಟಲಿಗೆ ಕಳಿಸಿದ್ದೆ. ಇನ್ನು ಅವಳು ಜನ್ಮದಲ್ಲಿ ಬಾಯಿ ಬಿಡುವುದಿಲ್ಲ ಎನ್ನಿಸಿತು. ಎದ್ದು ಓಡಿಹೋಗಿ ಎತ್ತಿಕೊಂಡು ಬರೋಣವೆಂದು ಏಳುವಷ್ಟರಲ್ಲಿ ಅವಳು ರಂಗದ ಮೇಲಿದ್ದಳು.

ಬೆಳಕಿನಲ್ಲಿ ಬೆಳ್ಳಗೆ, ಗುಂಡಗೆ, ಬಿರಿದು ನಿಂತಿದ್ದಳು. ಇಷ್ಟಾದರೂ ಹೇಳುತ್ತೇನೆ, ನನ್ನ ಹೊಲಿಗೆ ಅಷ್ಟು ಚೆನ್ನಾಗಿ ಕಂಡದ್ದು ಅದೊಂದೇ ಸಲ. ಮಂಟಪದಲ್ಲಿ ಮೊದಲು ಗುಸುಗುಸು, ಆಮೇಲೆ ನಗು. ಹುಲಿಯಾಗಿದ್ದ ಹುಡುಗ ತನ್ನ ಮಾತು ಮರೆತು ಬೆರಳು ತೋರಿಸಿ, "ಹಾ ಹತ್ತೀ ನಾಹೀ!" ಎಂದು, ಇದು ಆನೆಯೇ ಅಲ್ಲವೆಂದು ಕೂಗಿದ. ನಗು ಹೆಚ್ಚಾಯಿತು. ಬದಿಯಿಂದ ಬಾಯಿ "ಬೋಲ್, ಬೋಲ್" ಎಂದು ಕೈಸನ್ನೆ ಮಾಡುತ್ತಿದ್ದರು. ಸುಮಾ ಹುಲಿಯನ್ನು ನೋಡಿದಳು, ತನ್ನ ಅಂಗಿಯನ್ನು ನೋಡಿಕೊಂಡಳು, ಜನರ ನಗು ಮುಗಿಯುವವರೆಗೆ ಕಾದಳು. ನಮ್ಮವರು ನನ್ನ ಕೈ ಹಿಡಿದುಕೊಂಡಿದ್ದರು, ಅದೂ ಜನರೆದುರಿಗೆ. ಮದುವೆಯ ಮಂಟಪದ ನಂತರ ಅದೇ ಮೊದಲು.

ಆಗ ಅವಳು ಸ್ಪಷ್ಟವಾಗಿ, ಗಟ್ಟಿಯಾಗಿ ಹೇಳಿದಳು: "ಮೀ ಕಾಪೂಸ್. ಆಮ್‌ಚ್ಯಾ ಘರೀ ಕಾಪಸಾಲಾ ಹತ್ತೀ ಮ್ಹಣತಾತ್."

ನಾನು ಕಾಪೂಸ್. ನಮ್ಮ ಮನೆಯಲ್ಲಿ ಕಾಪೂಸಿಗೆ ಹತ್ತಿ ಅನ್ನುತ್ತಾರೆ. ಕಾಪೂಸ್ ಎಂಬ ಶಬ್ದ ನನಗೆ ಗೊತ್ತಿರಲಿಲ್ಲ, ಆದರೂ ಆ ವಾಕ್ಯ ಪೂರ್ತಿ ಅರ್ಥವಾಯಿತು. ಅದೇ ಜನ ಈಗ ಬೇರೆ ರೀತಿಯಲ್ಲಿ ನಕ್ಕರು, ಚಪ್ಪಾಳೆ ತಟ್ಟಿದರು. ಸುಮಾ ಹುಲಿಗೆ ನಮಸ್ಕಾರ ಮಾಡಿದಳು. ಹುಲಿಗೆ ಏನು ತೋಚಿತೋ, ತಿರುಗಿ ನಮಸ್ಕಾರ ಮಾಡಿತು. ನಾನು ಸೆರಗಿನಲ್ಲಿ ಮುಖ ಮುಚ್ಚಿ ಅತ್ತೆ. ಸಂತೋಷಕ್ಕೋ ನಾಚಿಕೆಗೋ ಬಿಡಿಸಿ ಹೇಳಲಾರೆ, ಎರಡೂ ಸೇರಿಯೇ ಬಂದಿದ್ದವು.

ಬಹುಮಾನ ಮಂಗನಿಗೆ ಬಂತು, ಅದು ನ್ಯಾಯವೇ. ಎಲ್ಲ ಮುಗಿದ ಮೇಲೆ ಬಾಯಿ ಹೊರಗೆ ಬಂದು, ಇದನ್ನು ಯಾರು ಹೊಲಿದದ್ದು ಎಂದು ಸುತ್ತ ನೋಡಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ನಿಜವಾಗಿಯೂ ಹೆಗಲು ಮುಟ್ಟಿಕೊಂಡೆ, ಅಲ್ಲಿ ಅರಳೆ ಅಂಟಿತ್ತು. ಬಾಯಿ ನಕ್ಕು, ಸುಮಾಳ ಗಲ್ಲ ಹಿಡಿದು, ಜೂನಿನಲ್ಲಿ ಪಹಿಲಿಗೆ ಕಳಿಸಿಕೊಡಿ ಎಂದರು. ಎರಡು ಶಬ್ದ ಕೇಳಿದ್ದೆ, ಏಳು ಹೇಳಿದಳು ಎಂದರು.

ಮನೆಯ ದಾರಿಯಲ್ಲಿ ಅವಳ ಒಂದು ಕೈ ನನ್ನ ಕೈಯಲ್ಲಿ, ಇನ್ನೊಂದು ಅವರ ಕೈಯಲ್ಲಿ. ಅಂಗಿಯಿಂದ ಅರಳೆ ಹಿಂಜಿ ಹಿಂಜಿ ರಸ್ತೆಗೆ ಬೀಳುತ್ತಿತ್ತು. ಕಾಪೂಸ್ ಎಲ್ಲಿ ಕಲಿತೆ ಎಂದರೆ, ಗಾದಿ ಹಿಂಜುವವನು ಚಾಳಿಗೆ ಬಂದಾಗ ಹೆಂಗಸರು ಅನ್ನುವುದನ್ನು ಕೇಳಿದ್ದಳಂತೆ.

"ಹತ್ತಿ ಅಂದ್ರ ಅಲ್ಲೆ ಆನಿ ಅಂತ ನಿನಗ ಮೊದಲ ಗೊತ್ತಿತ್ತೇನು?"

"ಹ್ಞೂಂ. ಸಾಲಿ ಗ್ವಾಡಿ ಮ್ಯಾಲ ಚಿತ್ರ ಐತಿ."

"ಅಯ್ಯ ನನ್ನವ್ವ, ನಾ ತಪ್ಪು ಹೊಲ್ಯಾಕತ್ತೀನಿ ಅಂತ ಗೊತ್ತಾದ ಮ್ಯಾಲೂ ಯಾಕ ಹೇಳಲಿಲ್ಲ?"

ಅವಳಿಗೆ ನನ್ನ ಪ್ರಶ್ನೆಯೇ ಆಶ್ಚರ್ಯವೆನಿಸಿತು. "ನೀ ಊರಿಂದು ಹೇಳಾಕತ್ತಿದ್ದಿ. ದೊಡ್ಡವರು ಮಾತಾಡು ಮುಂದ ನಡುವ ಬಾಯಿ ಹಾಕಬಾರದು ಅಂತ ನೀನ ಹೇಳೀಯಲ್ಲ?"

ಹೇಳಿದ್ದೆ. ಯಾವಾಗಲೋ, ಯಾರೋ ಮನೆಗೆ ಬಂದಾಗ, ಎಲ್ಲ ತಾಯಂದಿರೂ ಹೇಳುವ ಹಾಗೆ ಹೇಳಿ ಮರೆತಿದ್ದೆ. ಮೆಲ್ಲಗೆ ಕೇಳಿದೆ: "ಮತ್ತ ಸಾಲ್ಯಾಗ?"

"ಸಾಲ್ಯಾಗ ಬಾಯಿ ಯಾವಾಗಲೂ ಮಾತಾಡ್ಕೋತನ ಇರ್ತಾರ," ಅಂದಳು ಸುಮಾ. "ಇವತ್ತ, ನೀ ಹೇಳು ಅಂತ ಅವರು ಸುಮ್ನಾದ್ರು. ಅದಕ್ಕ ಹೇಳಿದೆ."

ನಮ್ಮವರು ನಡುರಸ್ತೆಯಲ್ಲಿ ನಿಂತು ನಗತೊಡಗಿದರು. ನನಗೆ ನಗಲು ಸ್ವಲ್ಪ ಸಮಯ ಹಿಡಿಯಿತು. ಈ ಕೂಸಿಗೆ ಮಾತೇ ಇಲ್ಲವೆಂದು ಒಂದು ಶಾಲೆ, ಒಂದು ಚಾಳು, ಒಬ್ಬ ತಾಯಿ ಸೇರಿ ಆರು ತಿಂಗಳು ಚಿಂತೆ ಮಾಡಿದ್ದೆವು. ಅವಳ ಹತ್ತಿರ ಒಂದೊಂದು ವಸ್ತುವಿಗೂ ಎರಡೆರಡು ಮಾತಿದ್ದವು. ನಾವು ಮುಗಿಸುವುದನ್ನು ಕಾಯುತ್ತಿದ್ದಳು, ಅಷ್ಟೇ.

ಆಮೇಲೆ ಚಾಳಿನ ತನಕ ಅವಳೊಬ್ಬಳೇ ಮಾತಾಡಿದಳು. ಹುಲಿಯ ಮೀಸೆ ಬೆವರಿಗೆ ಕರಗಿ ಗದ್ದಕ್ಕೆ ಇಳಿದದ್ದು, ಪರದೆಯ ಹಿಂದೆ ಮಂಗ ಮೊಲದ ಪೇಢೆ ಕದ್ದು ತಿಂದದ್ದು, ಜಿಂಕೆ ಅತ್ತದ್ದು, ಮುಂದಿನ ವರ್ಷ ತಾನು ಕುಂಬಳಕಾಯಿ ಆಗುವುದು. ಕುಂಬಳಕಾಯಿಗೆ ಮರಾಠಿಯಲ್ಲಿ ಏನನ್ನುತ್ತಾರೆ, ಅದು ಕನ್ನಡದಲ್ಲಿ ಬೇರೇನಾದರೂ ಆಗಿಬಿಡುತ್ತದೆಯೇ ಎಂದು ಕೇಳಿ ಖಾತ್ರಿ ಮಾಡಿಕೊಳ್ಳಬೇಕೆಂದು ನನ್ನ ನಾಲಿಗೆಯ ತುದಿಗೇ ಬಂದಿತ್ತು. ನಡುವೆ ಬಾಯಿ ಹಾಕಲಿಲ್ಲ.